ಮಳೆಗಾಲಕ್ಕೊಂದು ಮುಖ, ಸುಗ್ಗಿಗೊಂದು ಮುಖ

ನವೆಂಬರ್ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಮನೆಗಳ ಅಂಗಳದಲ್ಲಿ ಚಪ್ಪರ ಏಳುತ್ತದೆ. ಕೊನೆಗಾರ ಇಳಿಸಿಕೊಟ್ಟ ಹಸಿ ಅಡಿಕೆಯ ರಾಶಿ ಮುಂದೆ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಸಾಲಾಗಿ ಕೂರುತ್ತಾರೆ. ನಾಲ್ಕು ದಿನ ಸುಲಿಯುವಷ್ಟರಲ್ಲಿ ಬೆರಳು, ಅಂಗೈ ಎಲ್ಲ ಕಪ್ಪು. ಸೋಪು ಹಾಕಿದರೂ ಹೋಗದು, ನಿಂಬೆಹಣ್ಣು ತಿಕ್ಕಿದರೂ ಪೂರ್ತಿ ಹೋಗದು. ಮಧ್ಯೆ ಯಾವುದಾದರೂ ಮದುವೆ ಬಂದರೆ ಕೈಯನ್ನು ಸೆರಗಿನಲ್ಲಿ ಮರೆಮಾಡಿಕೊಂಡೇ ಕೂರಬೇಕು. ಆದರೆ ಸುಗ್ಗಿ ಮುಗಿದು ಮೂರು ನಾಲ್ಕು ವಾರ ಕಳೆಯಲಿ, ಕೈ ತಾನಾಗಿಯೇ ಮೊದಲಿನಂತಾಗುತ್ತದೆ.

ಕಪ್ಪು ಮಾಡಿದ್ದು ಅಡಿಕೆಯ ಚೊಗರು. ಅದರೊಳಗಿನ ಟ್ಯಾನಿನ್ ಚರ್ಮದ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ. ತೊಗಲು ಹದ ಮಾಡುವುದೂ ಟ್ಯಾನಿನ್ನಿನಿಂದಲೇ. ಹೆಗ್ಗೋಡಿನ ‘ಚರಕ’ ಸಂಸ್ಥೆ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುವುದೂ ಇದೇ ಅಡಿಕೆ ಚೊಗರಿನಿಂದ. ಬಟ್ಟೆಯ ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ, ಕೈಯದು ಉಳಿಯುವುದಿಲ್ಲ. ಏಕೆಂದರೆ ಚರ್ಮದ ಮೇಲ್ಪದರದ ಜೀವಕೋಶಗಳು ಕೆಳಗೆ ಹುಟ್ಟಿ, ಮೇಲಕ್ಕೆ ಬಂದು, ಸತ್ತು ಉದುರುತ್ತಲೇ ಇರುತ್ತವೆ. ಎಳೆ ವಯಸ್ಸಿನವರಲ್ಲಿ ಈ ಸುತ್ತಿಗೆ ಸುಮಾರು ನಾಲ್ಕು ವಾರ ಬೇಕು. ವಯಸ್ಸಾದಂತೆ ಇನ್ನೂ ಹೆಚ್ಚು.

ಕೈಗೆ ಅನ್ವಯಿಸುವ ಲೆಕ್ಕವೇ ಮುಖಕ್ಕೂ. ಏಳು ದಿನದಲ್ಲಿ ಮುಖವನ್ನೇ ಬದಲಿಸುತ್ತೇನೆ ಎನ್ನುವ ಕ್ರೀಮನ್ನು ನಂಬುವ ಮೊದಲು ಚೊಗರಿನ ಕೈ ಎಷ್ಟು ದಿನಕ್ಕೆ ಬಿಳಿಯಾಯಿತು ಎಂದು ಸುಲಿಯುವವರನ್ನೊಮ್ಮೆ ಕೇಳಬಹುದು.

ಫ್ಯಾನ್ಸಿ ಸ್ಟೋರಿನ ಫೇಸ್‌ವಾಶ್ ಸಾಲಿನಲ್ಲಿ ಈಗ ಎಲ್ಲದಕ್ಕೂ ಚೀಟಿ: ಆಯಿಲಿ ಸ್ಕಿನ್, ಡ್ರೈ ಸ್ಕಿನ್, ಕಾಂಬಿನೇಷನ್, ಸೆನ್ಸಿಟಿವ್. ಎಣ್ಣೆ ಚರ್ಮ, ಒಣ ಚರ್ಮ ಎಂದು ಮುಖಗಳನ್ನು ವಿಂಗಡಿಸಿ ಬೇರೆ ಬೇರೆ ಡಬ್ಬಿ ಮಾರುವ ಪದ್ಧತಿಗೆ ಮೊದಲಿಗಳೆಂಬ ಹೆಸರು ಸಾಮಾನ್ಯವಾಗಿ ಹೆಲೆನಾ ರೂಬಿನ್‌ಸ್ಟೈನ್‌ಗೆ ಸಲ್ಲುತ್ತದೆ. ಪೋಲೆಂಡಿನ ಕ್ರಾಕೋವ್‌ನಿಂದ ಆಸ್ಟ್ರೇಲಿಯಾಕ್ಕೆ ಹೋದ ಈಕೆ 20ನೇ ಶತಮಾನದ ಆರಂಭದಲ್ಲಿ ಮೆಲ್ಬರ್ನ್‌ನಲ್ಲಿ ಅಂಗಡಿ ತೆರೆದು ‘ವಲೇಜ್’ ಎಂಬ ಕ್ರೀಮ್ ಮಾರಿದಳು. ಅದರ ಜೀವಾಳ ಕುರಿಯ ಉಣ್ಣೆಯಿಂದ ತೆಗೆದ ಕೊಬ್ಬು. ಅಂದರೆ ಈ ನಾಲ್ಕು ಹೆಸರುಗಳು ಆಸ್ಪತ್ರೆಗಿಂತ ಮೊದಲು ಅಂಗಡಿಯಲ್ಲಿ ಹುಟ್ಟಿದವು. ಅಷ್ಟಕ್ಕೇ ಅವು ಸುಳ್ಳಾಗುವುದಿಲ್ಲ. ಆದರೆ ಅವನ್ನು ಜಾತಕದ ರಾಶಿಯಂತೆ ಹುಟ್ಟಿನಿಂದ ಸಾಯುವತನಕ ಹಿಡಿದುಕೊಳ್ಳಬೇಕಾಗಿಲ್ಲ. ನಮ್ಮ ಆಯುರ್ವೇದವೂ ವಾತದವರದು ಒರಟು ಚರ್ಮ, ಕಫದವರದು ಜಿಡ್ಡಿನ ಚರ್ಮ ಎಂದು ಭೇದ ಹೇಳಿತು. ಅದರ ಜೊತೆಗೇ ಋತುವಿಗೆ ತಕ್ಕಂತೆ ನಡೆ ಬದಲಿಸಬೇಕೆಂದು ಋತುಚರ್ಯೆಯನ್ನೂ ಹೇಳಿತು. ಮಲೆನಾಡಿಗೆ ಬೇಕಾದದ್ದು ಈ ಎರಡನೆಯ ಮಾತು.

ನಮ್ಮದು ಯಾವ ಚರ್ಮ ಎಂದು ತಿಳಿಯಲು ಖರ್ಚೇನೂ ಇಲ್ಲ. ಬೆಳಿಗ್ಗೆ ಮುಖವನ್ನು ಸೌಮ್ಯವಾದ ಫೇಸ್‌ವಾಶ್‌ನಿಂದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಟವಲಿನಿಂದ ಒತ್ತಿ ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಬೇಕು. ಒಲೆಯ ಮುಂದೆ ಕೂರಬಾರದು, ಬಿಸಿಲಿಗೂ ಹೋಗಬಾರದು. ಆಮೇಲೆ ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು, ತೆಳುವಾದ ಟಿಶ್ಯೂ ಕಾಗದವನ್ನು ಹಣೆ, ಮೂಗು, ಕೆನ್ನೆ, ಗದ್ದಗಳಿಗೆ ಬೇರೆ ಬೇರೆಯಾಗಿ ಒತ್ತಿ ನೋಡಬೇಕು. ಎಲ್ಲ ಕಡೆಯೂ ಕಾಗದಕ್ಕೆ ಎಣ್ಣೆ ಹತ್ತಿದರೆ ಎಣ್ಣೆ ಚರ್ಮ. ಎಲ್ಲೂ ಹತ್ತದೆ ನಗುವಾಗ ಕೆನ್ನೆ ಬಿಗಿದಂತಾದರೆ, ಸಣ್ಣ ಹೊಟ್ಟು ಕಂಡರೆ ಒಣ ಚರ್ಮ. ಹಣೆ ಮೂಗಿಗೆ ಮಾತ್ರ ಹತ್ತಿ ಕೆನ್ನೆ ಒಣಗಿದ್ದರೆ ಮಿಶ್ರ ಚರ್ಮ. ಹಣೆ ಮತ್ತು ಮೂಗಿನ ಸುತ್ತ ಎಣ್ಣೆ ಗ್ರಂಥಿಗಳು ಒತ್ತೊತ್ತಾಗಿರುವುದರಿಂದ ಹೆಚ್ಚಿನವರದು ಸ್ವಲ್ಪಮಟ್ಟಿಗೆ ಇಂಥದೇ ಮುಖ. ಬಿಗಿತವೂ ಇಲ್ಲ, ಹೊಳಪೂ ಇಲ್ಲವೆಂದರೆ ಸಾಮಾನ್ಯ ಚರ್ಮ. ಅಂಥವರು ಈ ಪುರವಣಿಯ ಮುಂದಿನ ಪುಟಕ್ಕೆ ಹೋಗಬಹುದು.

ಸೂಕ್ಷ್ಮ ಚರ್ಮ ಕಾಗದಕ್ಕೆ ಸಿಗುವುದಿಲ್ಲ. ಹೊಸ ಕ್ರೀಮ್, ಸೆಂಟಿನ ಸೋಪು, ಕೊನೆಗೆ ಬಿಸಿಲು ತಾಗಿದರೂ ಉರಿ, ಕೆಂಪು, ತುರಿಕೆ. ಇದು ಎಣ್ಣೆ ಚರ್ಮದವರಿಗೂ ಇರಬಹುದು. ಅನುಮಾನವಿದ್ದವರು ಯಾವ ಹೊಸ ವಸ್ತುವನ್ನೂ ಮೊದಲು ಮೊಣಕೈ ಒಳಮಡಿಕೆಗೆ ನಾಲ್ಕಾರು ದಿನ ಹಚ್ಚಿ ನೋಡಿ ಆಮೇಲೆ ಮುಖಕ್ಕೆ ತರುವುದು ಕ್ಷೇಮ.

ಈ ಪರೀಕ್ಷೆಯನ್ನು ಆಗುಂಬೆಯಲ್ಲಿ ಜುಲೈನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಮಾಡಿದರೆ ಉತ್ತರ ಬೇರೆಯೇ ಬರಬಹುದು. ಊರಿನ ಹವೆಯೇ ಹಾಗಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,500 ಮಿಲಿಮೀಟರ್ ಮಳೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಈಚಿನ ಎಷ್ಟೋ ವರ್ಷಗಳಲ್ಲಿ ಆಗುಂಬೆಯನ್ನೂ ಹಿಂದೆ ಹಾಕಿದೆ. ಆರಿದ್ರೆಯಿಂದ ಮಘೆಯವರೆಗೆ ಬಟ್ಟೆ ಒಣಗುವುದಿಲ್ಲ, ಬೆವರೂ ಆರುವುದಿಲ್ಲ. ಅದೇ ಊರುಗಳಲ್ಲಿ ಡಿಸೆಂಬರ್ ಹೊತ್ತಿಗೆ ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಒಣಗಾಳಿ. ‘ಮೈ ಒಡೆಯುತ್ತದೆ’ ಎಂಬ ಮಾತು ಆಗ ಮನೆಮನೆಯಲ್ಲೂ ಕೇಳುತ್ತದೆ.

ಮಳೆಗಾಲದ ಮುಖದಿಂದಲೇ ತೊಡಗೋಣ. ಗಾಳಿಯಲ್ಲಿ ತೇವ ತುಂಬಿರುವಾಗ ಚರ್ಮದ ನೀರು ಆವಿಯಾಗುವುದು ಕಡಿಮೆ. ಒಣ ಚರ್ಮದವರಿಗೆ ಇದು ನೆಮ್ಮದಿಯ ಕಾಲ. ಎಣ್ಣೆ ಚರ್ಮದವರಿಗೆ ಮೊಡವೆಯ ಕಾಲ. ಚಿಬ್ಬು ಹರಡುವುದೂ ಆಗಲೇ. ಎದೆ, ಬೆನ್ನು, ಕೆಲವರಿಗೆ ಕೆನ್ನೆಯಲ್ಲೂ ಕಾಣುವ ಈ ತಿಳಿ ಕಲೆಗಳಿಗೆ ಕಾರಣ ಮಲಸೇಜಿಯಾ ಎಂಬ ಯೀಸ್ಟ್. ಅದು ಎಲ್ಲರ ಚರ್ಮದ ಮೇಲೂ ಇರುವಂಥದೇ, ಚರ್ಮದ ಎಣ್ಣೆಯೇ ಅದರ ಊಟ. ಚಿಬ್ಬಿಗೆ ಕೊಬ್ಬರಿ ಎಣ್ಣೆ ಹಚ್ಚುವುದೆಂದರೆ ನೆಂಟನನ್ನು ಇನ್ನೆರಡು ದಿನ ಉಳಿಸಿಕೊಂಡಂತೆ. ಅದಕ್ಕೆ ಬೇಕಾದದ್ದು ಶಿಲೀಂಧ್ರ ನಿವಾರಕ ಔಷಧಿ. ವಾಸಿಯಾದ ಮೇಲೂ ಬಣ್ಣ ಸರಿಹೋಗಲು ಕೆಲವು ತಿಂಗಳು ಬೇಕು.

ಎಣ್ಣೆಯ ಮಾತು ಬಂದಾಗ ಹಣೆಯನ್ನು ನೋಡಬೇಕು. ತಲೆಗೆ ಧಾರಾಳವಾಗಿ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದು ಶಾಲೆಗೆ ಕಳಿಸುವ ರೂಢಿ ಇಲ್ಲಿ ಇನ್ನೂ ಇದೆ. ಕೂದಲಿನ ಅಂಚಿನುದ್ದಕ್ಕೂ ಹಣೆಯಲ್ಲಿ ಸಾಲಾಗಿ ಏಳುವ ಸಣ್ಣ ಗುಳ್ಳೆಗಳಿಗೆ ವೈದ್ಯರು ‘ಪೊಮೇಡ್ ಆಕ್ನೆ’ ಎನ್ನುತ್ತಾರೆ. 1970ರಲ್ಲಿ ಅಮೆರಿಕದ ವೈದ್ಯರು ಈ ಹೆಸರಿಟ್ಟದ್ದು ತಲೆಗೆ ಜಿಡ್ಡು ಹಚ್ಚುವ ಅಲ್ಲಿನ ಜನರನ್ನು ನೋಡಿ. ಕೂದಲಿನ ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚುತ್ತದೆ, ಅಷ್ಟೆ. ಪಿತ್ತ ಹೆಚ್ಚಾಗಿದೆ ಎಂದು ಕಷಾಯ ಕುಡಿಸುವ ಮೊದಲು ಎಣ್ಣೆಯನ್ನು ವಾರಕ್ಕೊಂದೆರಡು ಸಲಕ್ಕೆ ಇಳಿಸಿ, ಹಚ್ಚಿದ ದಿನವೇ ತೊಳೆದು ನೋಡಬಹುದು. ದಾಸವಾಳದ ಸೊಪ್ಪಿನ ಗೊಂಪು, ಮತ್ತಿ ಸೊಪ್ಪಿನ ಗೊಂಪು ಹಾಕಿ ಮೀಯುವ ಮನೆಗಳಿಗೆ ಇದೇನೂ ಕಷ್ಟವಲ್ಲ.

ಮೊಡವೆಯೇನೂ ಹೊಸ ಕಾಲದ ಕಾಯಿಲೆಯಲ್ಲ. ಸುಶ್ರುತ ಸಂಹಿತೆ ಅದನ್ನು ‘ಮುಖದೂಷಿಕಾ’ ಎಂದು ಕರೆದು ಬೂರುಗದ ಮರದ ಮುಳ್ಳಿಗೆ ಹೋಲಿಸುತ್ತದೆ. ಬೂರುಗದ ಕಾಂಡವನ್ನು ಹತ್ತಿರದಿಂದ ಕಂಡವರು ಈ ಹೋಲಿಕೆಗೆ ತಲೆದೂಗುತ್ತಾರೆ. ಹದಿಹರೆಯದಲ್ಲಿ ಹಾರ್ಮೋನು ಏರಿ ಎಣ್ಣೆ ಗ್ರಂಥಿಗಳು ಹಿಗ್ಗುವುದರಿಂದ ಅದು ಬರುತ್ತದೆ. ಮುಖ ಕೊಳೆಯಾಗಿರುವುದು ಅದಕ್ಕೆ ಕಾರಣವಲ್ಲ. ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಆರು ಸಲ ತೊಳೆದರೆ ಮೊಡವೆ ಹೋಗುವುದಿಲ್ಲ, ಮುಖ ಮಾತ್ರ ಉರಿಯುತ್ತದೆ. ಚಿವುಟಿದರೆ ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ನಮ್ಮ ಬಣ್ಣದ ಚರ್ಮ ಸಣ್ಣ ಗಾಯಕ್ಕೂ ಕಪ್ಪು ಮಚ್ಚೆಯ ಮೂಲಕವೇ ಉತ್ತರ ಕೊಡುತ್ತದೆ.

ಚಳಿಗಾಲಕ್ಕೆ ಬಂದರೆ ಆರೋಪಿಯ ಸ್ಥಾನದಲ್ಲಿ ನಿಲ್ಲುವುದು ಮಲೆನಾಡಿನ ಅತಿ ದೊಡ್ಡ ಸುಖ: ಬಚ್ಚಲಿನ ಹಂಡೆ. ದಿನವಿಡೀ ಉರಿಯುವ ಒಲೆ, ಹೊಗೆಯಾಡುವ ನೀರು, ಮೈ ಕೆಂಪಾಗುವಂತೆ ಸ್ನಾನ. ಬಿಸಿನೀರು ಚರ್ಮದ ಜೀವಕೋಶಗಳ ನಡುವಿನ ಕೊಬ್ಬನ್ನು ಕರಗಿಸಿ ಒಯ್ಯುತ್ತದೆ. ಗೋಡೆಯ ಇಟ್ಟಿಗೆ ಉಳಿದು ಗಾರೆ ಹೋದಂತೆ. ಮೇಲೆ ಸೋಪು ಬೇರೆ. ಆರೋಗ್ಯವಂತ ಚರ್ಮ ತುಸು ಹುಳಿಯ ಕಡೆಗಿರುತ್ತದೆ, ಪಿಎಚ್ ಸುಮಾರು 5. ಸಾಮಾನ್ಯ ಸ್ನಾನದ ಸೋಪು ಕ್ಷಾರ, ಪಿಎಚ್ 9ರಿಂದ 10. ಎಣ್ಣೆ ಚರ್ಮದ ಹುಡುಗರು ಇದನ್ನು ತಡೆದುಕೊಳ್ಳುತ್ತಾರೆ. ಐವತ್ತು ದಾಟಿದ, ಮುಟ್ಟು ನಿಂತ ಹೆಂಗಸರಿಗೆ ಚರ್ಮದ ಎಣ್ಣೆಯೇ ಇಳಿದಿರುವುದರಿಂದ ತಡೆಯುವುದಿಲ್ಲ. ಮೈಗೆ ಹಂಡೆಯ ನೀರು ಇರಲಿ, ಮುಖಕ್ಕೆ ತಣ್ಣೀರು ಬೆರೆಸಿಕೊಳ್ಳಬೇಕು. ಕಡಲೆಹಿಟ್ಟು, ಹೆಸರುಹಿಟ್ಟು ಸೋಪಿನಷ್ಟು ಕ್ಷಾರವಲ್ಲ. ಆದರೆ ಮೊಡವೆಯಿರುವ ಮುಖಕ್ಕೆ ಹಿಟ್ಟು ಹಾಕಿ ಗಸಗಸ ತಿಕ್ಕುವುದು ಬೇಡ.

ಈ ಭಾಗದ ಹಳಬರಿಗೆ ಒಡೆದ ತುಟಿ, ಬಿರಿದ ಹಿಮ್ಮಡಿಗೆ ಒಂದೇ ಔಷಧಿ ಗೊತ್ತಿತ್ತು, ಮುರುಗಲ ತುಪ್ಪ. ಕರಾವಳಿಯವರು ಪುನರ್ಪುಳಿ ಎನ್ನುವ ಅದೇ ಮುರುಗಲು. ಬೇಸಿಗೆಯಲ್ಲಿ ಹಣ್ಣಿನ ಸಿಪ್ಪೆ ಒಣಗಿಸಿ, ರಸವನ್ನು ಶರಬತ್ತಿಗೆ ಬಳಸಿ ಉಳಿದ ಬೀಜವನ್ನು ಒಣಗಿಸಿಡುತ್ತಾರೆ. ಆಮೇಲೆ ಒಳತಿರುಳು ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ತೇಲುತ್ತದೆ. ಅದನ್ನು ತೆಗೆದು ಆರಿಸಿದರೆ ತಿಳಿ ಬಣ್ಣದ ಗಟ್ಟಿ ಉಂಡೆ. ಅದು ಕರಗಲು ಮೈಶಾಖದಷ್ಟು ಅಥವಾ ತುಸು ಹೆಚ್ಚು ಬಿಸಿ ಬೇಕು, ಹಾಗಾಗಿ ಬೆಂಕಿಯ ಹತ್ತಿರ ಹಿಡಿದು ಬೆರಳಿನಿಂದ ತೀಡಿ ಹಚ್ಚುತ್ತಾರೆ. ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳೇ ಹೆಚ್ಚಾಗಿರುವ ಈ ಕೊಬ್ಬು ಚರ್ಮದ ಮೇಲೆ ತೆಳು ಮುಚ್ಚಳವಾಗಿ ನಿಂತು ನೀರನ್ನು ಹೊರಬಿಡುವುದಿಲ್ಲ. ‘ಕೋಕಮ್ ಬಟರ್’ ಎಂಬ ಹೆಸರು ಹೊತ್ತು ದೊಡ್ಡ ಊರುಗಳ ಲಿಪ್‌ಬಾಮ್‌ಗಳಲ್ಲಿ ಕೂತಿರುವುದು ಇದೇ ವಸ್ತು. ಸಾಗರದ ಹಳ್ಳಿಯ ಅಜ್ಜಿ ಗರಟೆಯಲ್ಲಿಟ್ಟದ್ದನ್ನು ಮೊಮ್ಮಗಳು ಬೆಂಗಳೂರಿನಲ್ಲಿ ಆನ್‌ಲೈನ್ ತರಿಸಿಕೊಳ್ಳುವುದು ಈಗ ಆಶ್ಚರ್ಯದ ಸಂಗತಿಯೇನಲ್ಲ.

ಹಚ್ಚುವ ಹೊತ್ತು ಮುಖ್ಯ. ಮುಖ ತೊಳೆದು ಇನ್ನೂ ತೇವವಿರುವಾಗಲೇ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಒಳಗೆ ಹಿಡಿದಿಡಲು ನೀರೇ ಇರುವುದಿಲ್ಲ. ಒಣ ಕೆನ್ನೆಗೆ ಮುರುಗಲ ತುಪ್ಪ ಒಳ್ಳೆಯದು, ಮೊಡವೆಯ ಹಣೆಗೆ ಬೇಡ. ಎಣ್ಣೆ ಚರ್ಮದವರಿಗೂ ಚಳಿಯಲ್ಲಿ ಮಾಯಿಶ್ಚರೈಸರ್ ಬೇಕಾಗುತ್ತದೆ, ಆದರೆ ನೀರಿನಂಶ ಹೆಚ್ಚಿರುವ ಜೆಲ್ ರೂಪದ್ದು.

ಇನ್ನು ಬಿಸಿಲು. 1975ರಲ್ಲಿ ಹಾರ್ವರ್ಡಿನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಚರ್ಮವನ್ನು ಎಣ್ಣೆಯಿಂದಲ್ಲ, ಬಿಸಿಲಿನಿಂದ ವಿಂಗಡಿಸಿದರು. ಬಿಸಿಲಿಗೆ ಸುಟ್ಟು ಕೆಂಪಾಗುವುದೋ, ಕಂದಿ ಕಪ್ಪಾಗುವುದೋ ಎಂಬುದೇ ಅಳತೆ. ಬೆಳಕಿನ ಚಿಕಿತ್ಸೆಯ ಪ್ರಮಾಣ ಗೊತ್ತುಮಾಡಲು ಮಾಡಿದ ಈ ಪಟ್ಟಿಗೆ ಕಂದು, ಕಪ್ಪು ಚರ್ಮದ ದರ್ಜೆಗಳು ಆಮೇಲೆ ಸೇರಿ ಒಟ್ಟು ಆರಾದವು. ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ದರ್ಜೆಯವರು. ಸುಡುವುದು ಕಡಿಮೆ, ಕಂದುವುದು ಹೆಚ್ಚು. ತಮಾಷೆಯೆಂದರೆ ಭಾರತದಲ್ಲಿ ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂದದ್ದೂ 1975ರಲ್ಲೇ. ಅದರ ಹೆಸರಿನಿಂದ ‘ಫೇರ್’ ಹೊರಬೀಳಲು 2020 ಬರಬೇಕಾಯಿತು.

ಕಂದುವ ಚರ್ಮದ ದೊಡ್ಡ ಕಾಟ ಬಂಗು. ಕೆನ್ನೆಯ ಎರಡೂ ಬದಿ, ಮೂಗಿನ ಮೇಲೆ, ಮೇಲ್ದುಟಿಯಲ್ಲಿ ಭೂಪಟದಂತೆ ಹಬ್ಬುವ ಕಂದು ಕಲೆ. ಆಯುರ್ವೇದದ ‘ವ್ಯಂಗ’ ಇದೇ. ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಹೆಚ್ಚು. ಬಿಸಿಲು ಅದನ್ನು ಗಾಢ ಮಾಡುತ್ತದೆ, ಒಲೆಯ ಕಾವೂ ಕೂಡಿಕೊಳ್ಳುತ್ತದೆ ಎಂಬ ಅನುಮಾನ ವೈದ್ಯರಿಗಿದೆ. ಅಡಿಕೆ ಬೇಯಿಸುವ ಹಂಡೆಯ ಮುಂದೆ ಸುಗ್ಗಿಯಿಡೀ ನಿಲ್ಲುವ ಹೆಂಗಸರಿಗೆ ಇದು ಸಣ್ಣ ಮಾತಲ್ಲ. ಇವರಿಗೆ ಸನ್‌ಸ್ಕ್ರೀನ್ ಅಲಂಕಾರದ ವಸ್ತುವಲ್ಲ, ಔಷಧಿಯ ಅರ್ಧಭಾಗ. ಎಸ್‌ಪಿಎಫ್ 30 ಇದ್ದರೆ ಸುಡುವ ಯುವಿ–ಬಿ ಕಿರಣದ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ. ತೋರುಬೆರಳು, ನಡುಬೆರಳುಗಳ ಉದ್ದಕ್ಕೆ ಎರಡು ಗೆರೆಯಷ್ಟು ಕ್ರೀಮ್ ಮುಖ ಕುತ್ತಿಗೆಗೆ ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಡಬ್ಬಿಯ ಮೇಲಿನ ಅಂಕಿ ಸಿಗುವುದಿಲ್ಲ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಶತ್ರು, ಆದ್ದರಿಂದ ಐರನ್ ಆಕ್ಸೈಡ್ ಇರುವ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗಿ. ಮೋಡವಿದೆ ಎಂದು ಬಿಡುವಂತಿಲ್ಲ, ತೆಳುಮೋಡ ದಾಟಿ ಕಿರಣ ಬರುತ್ತದೆ. ತೋಟದ ಕೆಲಸದಲ್ಲಿ ಬೆವರಿಗೆ ಕ್ರೀಮ್ ಇಳಿದುಹೋಗುವವರಿಗೆ ಅಗಲ ಅಂಚಿನ ಟೊಪ್ಪಿಯೇ ಗಟ್ಟಿ ಉಪಾಯ. ನಮ್ಮ ಅಡಿಕೆ ಹಾಳೆ ಟೊಪ್ಪಿ ನೆತ್ತಿ ಕಾಯುತ್ತದೆ, ಆದರೆ ಪಾಪ, ಅದಕ್ಕೆ ಅಂಚಿಲ್ಲ, ಕೆನ್ನೆಗೆ ನೆರಳಿಲ್ಲ.

ಗಂಡಸರ ಮುಖವನ್ನು ಇಂಥ ಲೇಖನಗಳು ಮರೆಯುತ್ತವೆ. ಮುಂಗಾರಿಗೆ ಮೊದಲು ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೊಮ್ಮೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವವರ ಮುಖದ ಮೇಲೆ ಮೈಲುತುತ್ತ ಮತ್ತು ಸುಣ್ಣ ಮಂಜಿನಂತೆ ಇಳಿಯುತ್ತದೆ. ಸುಣ್ಣ ಕ್ಷಾರ, ಚರ್ಮವನ್ನು ಒಣಗಿಸಿ ಉರಿಸುತ್ತದೆ. ಮುಖ ಮುಚ್ಚುವ ಬಟ್ಟೆ, ಕನ್ನಡಕ ಹಾಕಿ, ಇಳಿದ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು, ಆಮೇಲೆ ಎಣ್ಣೆಯನ್ನೋ ಮಾಯಿಶ್ಚರೈಸರನ್ನೋ ಹಚ್ಚಬೇಕು. ಅದೇ ಸಂಜೆ ಗಡ್ಡ ಹೆರೆಯುವುದು ಬೇಡ.

ಡಿಸೆಂಬರಿನಿಂದ ಮೇವರೆಗೆ ಈ ತಾಲ್ಲೂಕುಗಳ ಚರ್ಮಕ್ಕೆ ಇನ್ನೊಂದು ಪದರ ಸೇರುತ್ತದೆ. ಅದು ಮಂಗನ ಕಾಯಿಲೆಯ ಉಣ್ಣೆಗಳನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರ ಜೀವ ತೆಗೆಯಿತು. ಎಣ್ಣೆ ಅಂಟು, ವಾಸನೆ ಎಂದು ಬಿಡುವವರಿದ್ದಾರೆ. ಇಲ್ಲಿ ಚರ್ಮದ ಅಂದಕ್ಕಿಂತ ಜೀವ ದೊಡ್ಡದು. ಕೈ, ಕಾಲು, ಕುತ್ತಿಗೆಗೆ ಹಚ್ಚಿ, ಕಣ್ಣು ಬಾಯಿಗೆ ತಾಗಿಸದೆ, ಕಾಡಿನಿಂದ ಬಂದ ಮೇಲೆ ತೊಳೆದರಾಯಿತು. ಸನ್‌ಸ್ಕ್ರೀನ್ ಹಚ್ಚುವವರು ಅದನ್ನು ಮೊದಲು ಹಚ್ಚಿ, ಆಮೇಲೆ ಈ ಎಣ್ಣೆ ಹಚ್ಚಬೇಕು.

ಅಡುಗೆಮನೆಯ ಪ್ರಯೋಗಗಳಲ್ಲಿ ಎರಡನ್ನು ಮಾತ್ರ ಖಡಾಖಂಡಿತವಾಗಿ ಬೇಡವೆನ್ನಬೇಕು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ರಸದಲ್ಲಿನ ರಾಸಾಯನಿಕ ಬೆಳಕಿನ ಜೊತೆ ಸೇರಿ ಚರ್ಮವನ್ನು ಸುಡುತ್ತದೆ. ಮೊಡವೆಗೆ ಟೂತ್‌ಪೇಸ್ಟ್ ಹಚ್ಚಿದರೆ ಸಿಗುವುದು ಉರಿ ಮಾತ್ರ. ಹಣೆಗೆ ಅಂಟಿಸುವ ಸ್ಟಿಕ್ಕರ್ ಬಿಂದಿಯ ಕೆಳಗೆ ತುರಿಕೆ ಬಂದರೆ, ಬಣ್ಣ ಮಾಸಿದರೆ ತಕ್ಷಣ ಬಿಡಬೇಕು. ಕೆಲವು ಅಂಟುಗಳಲ್ಲಿರುವ ಬ್ಯುಟೈಲ್‌ಫಿನಾಲ್ ಚರ್ಮದ ಬಣ್ಣದ ಕೋಶಗಳನ್ನೇ ಕೊಲ್ಲುತ್ತದೆ, ಬೊಟ್ಟಿನಷ್ಟೇ ಅಗಲದ ಬಿಳಿ ಮಚ್ಚೆ ಉಳಿಯುತ್ತದೆ.

ನಿಂಬೆರಸಕ್ಕಿಂತ ಎಷ್ಟೋ ಪಾಲು ಅಪಾಯಕಾರಿಯಾದದ್ದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಸಣ್ಣ ಟ್ಯೂಬ್. ಇದರ ಮೂಲವೂ 1975ಕ್ಕೇ ಹೋಗುತ್ತದೆ. ಆ ವರ್ಷ ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಐಸಾಕ್ ವಿಲ್ಲಿಸ್ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸೇರಿಸಿ ಕಪ್ಪು ಕಲೆಗೆ ಮದ್ದು ಮಾಡಿದರು. ಇಂಥ ಮಿಶ್ರಣ ವೈದ್ಯರ ಕಣ್ಣಳತೆಯಲ್ಲಿ ಕೆಲವು ವಾರ ಮಾತ್ರ ಹಚ್ಚಬೇಕಾದದ್ದು. ನಮ್ಮಲ್ಲಿ ಅದು ಬೆಳ್ಳಗಾಗುವ ಕ್ರೀಮಾಗಿ ಮನೆಮನೆ ಸೇರಿತು. ಮೊದಲ ತಿಂಗಳು ಮುಖ ನಿಜವಾಗಿಯೂ ತಿಳಿಯಾಗುತ್ತದೆ, ಮೋಸವಿರುವುದು ಅಲ್ಲಿಯೇ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಗುಳ್ಳೆ ಏಳುತ್ತದೆ, ಹೆಂಗಸರಿಗೂ ಕೆನ್ನೆಯ ಮೇಲೆ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದಂತಾಗುತ್ತದೆ. ನಿಲ್ಲಿಸಿದರೆ ಎರಡು ಪಟ್ಟು ಉರಿ, ಮತ್ತೆ ಹಚ್ಚಿದರೆ ಶಾಂತ. ಹೀಗೆ ಟ್ಯೂಬಿಗೆ ಮುಖ ದಾಸನಾಗುತ್ತದೆ. ಭಾರತೀಯ ಚರ್ಮವೈದ್ಯರ ಸಂಘ ಐಎಡಿವಿಎಲ್ ಇದರ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ಕಟ್ಟಿತು. 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿತೇ ಹೊರತು, ಟ್ಯೂಬು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದು ನಿಲ್ಲಲಿಲ್ಲ. ಅಕ್ಕನಿಗೆ ಬರೆದುಕೊಟ್ಟದ್ದು ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ.

ಮನೆಯ ಕನ್ನಡಿಯ ಹಿಂದೆ ಅಂಥ ಟ್ಯೂಬ್ ಇದ್ದರೆ ಇವತ್ತೇ ಅದರ ಬೆನ್ನು ಓದಿ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್, ಫ್ಲುಓಸಿನೋಲೋನ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದವರು ಹೆದರಿ ಒಮ್ಮೆಲೇ ಎಸೆಯಬೇಡಿ, ಹೇಗೆ ಬಿಡಬೇಕೆಂದು ಚರ್ಮವೈದ್ಯರನ್ನು ಕೇಳಿ. ದೂರವೆಂದರೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮೂರೂ ತಾಲ್ಲೂಕುಗಳಿಂದ ಬಸ್ಸಿನ ದಾರಿಯಲ್ಲೇ ಇದೆ. ಹೋಗುವಾಗ ಮುಖಕ್ಕೆ ಏನೂ ಹಚ್ಚಬೇಡಿ, ಟ್ಯೂಬನ್ನು ಮಾತ್ರ ಚೀಲದಲ್ಲಿ ಹಾಕಿಕೊಳ್ಳಿ.